ಎಸಿ ಬೆಚ್ಚನೆ ಗಾಳಿ ಊದಿತು, ಐದು ನಿಮಿಷಕ್ಕೆ ಕೆಂಪು ದೀಪ ಬಂತು. ಎರಡಕ್ಕೂ ಸಂಬಂಧ ಇದೆಯಾ?

ಎರಡನೇಗೇರ್

ನಮಸ್ಕಾರ. ಮೊನ್ನೆ ಆದದ್ದನ್ನು ಇದ್ದ ಹಾಗೇ ಹೇಳುತ್ತೇನೆ, ತಿಳಿದವರು ಬಿಡಿಸಿ ಹೇಳಿ.

ಉರಿ ಬಿಸಿಲು, ಏರು ರಸ್ತೆ. ಮುಂದೆ ವಾಹನಗಳ ಉದ್ದ ಸಾಲು. ಮೊದಲ ಗೇರಿನಲ್ಲೇ ತೆವಳುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು. ಅಲ್ಲಿಯ ತನಕ ಎಸಿ ಚೆನ್ನಾಗಿತ್ತು. ಇದ್ದಕ್ಕಿದ್ದಂತೆ ಗಾಳಿಯ ತಂಪು ಹೋಯಿತು. ಬ್ಲೋವರ್ ತಿರುಗುತ್ತಿದೆ, ಎಸಿ ಗುಂಡಿಯ ದೀಪವೂ ಉರಿಯುತ್ತಿದೆ, ಬರುವುದು ಮಾತ್ರ ಬೆಚ್ಚನೆ ಗಾಳಿ. ಗ್ಯಾಸ್ ಖಾಲಿಯಾಗಿರಬೇಕು ಅಂದುಕೊಂಡು ಬ್ಲೋವರನ್ನು ನಾಲ್ಕಕ್ಕೆ ಏರಿಸಿದೆ. ಐದು ನಿಮಿಷ ಆಗಿರಬಹುದು, ಅಮ್ಮ ಹಿಂದಿನಿಂದ "ಅಲ್ಲೇನೋ ಕೆಂಪಗೆ ಕಾಣ್ತಿದೆ ನೋಡು" ಅಂದರು. ಥರ್ಮಾಮೀಟರನ್ನು ನೀರಿನಲ್ಲಿ ಅದ್ದಿದಂಥ ಚಿತ್ರ. ಪಕ್ಕದಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲಿನ ಗೆರೆ ಮುಟ್ಟಿತ್ತು.

ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಮುಕ್ಕಾಲು ಗಂಟೆ ಕಾದೆವು. ಇಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಸರಿಯಾಗಿಯೇ ಇತ್ತು. ಆಮೇಲೆ ಸಾಲು ಕರಗಿತು, ಹೊರಟೆವು. ಖಾಲಿ ರಸ್ತೆಯಲ್ಲಿ ಮುಳ್ಳು ನಡುವಿಗೆ ಬಂತು, ಎಸಿ ಮತ್ತೆ ತಣ್ಣಗಾಯಿತು! ಇದು ಎರಡು ತೊಂದರೆಯಾ, ಒಂದೇನಾ?

ಸ್ಪ್ಯಾನರ್12

ಒಂದೇ. ರೇಡಿಯೇಟರ್ ಫ್ಯಾನ್ ನೋಡಿಸಿ.

ಎಸಿಯ ಬಿಸಿ ಹೊರಗೆ ಬಿಡುವ ಕಂಡೆನ್ಸರ್ ಇರುವುದು ಕೂಲೆಂಟ್ ತಣಿಸುವ ರೇಡಿಯೇಟರಿನ ಮುಂದೆ, ಒಂದಕ್ಕೊಂದು ಅಂಟಿದ ಹಾಗೆ. ಎರಡರ ಬಿಸಿಯನ್ನೂ ಹೊರಗೆ ಹಾಕುವುದು ಅದೇ ಫ್ಯಾನ್. ಕಾರು ಓಡುವಾಗ ಎದುರುಗಾಳಿ ಆ ಕೆಲಸ ಮಾಡುತ್ತದೆ. ತೆವಳುವಾಗ ಗಾಳಿ ಇಲ್ಲ, ಫ್ಯಾನೇ ಗತಿ. ಫ್ಯಾನ್ ಸತ್ತರೆ ಮೊದಲು ಎಸಿ ಗ್ಯಾಸಿನ ಒತ್ತಡ ಏರುತ್ತದೆ, ಪ್ರೆಷರ್ ಸ್ವಿಚ್ ಆ ಗ್ಯಾಸನ್ನು ಒತ್ತುವ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಒತ್ತಡದಿಂದ ನಿಲ್ಲದಿದ್ದರೂ ಇಂಜಿನ್ ಬಿಸಿ ಮಿತಿ ದಾಟುವಾಗ ಇಂಜಿನ್ ಕಂಪ್ಯೂಟರೇ ಕಂಪ್ರೆಸರ್ ಬಿಡಿಸುತ್ತದೆ, ಹೊರೆ ಕಡಿಮೆಯಾಗಲಿ ಅಂತ. ಗುಂಡಿಯ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ನೀವು ಎಸಿ ಕೇಳಿದ್ದೀರಿ ಅಂತ ಅದರ ಅರ್ಥ, ಕಂಪ್ರೆಸರ್ ಓಡುತ್ತಿದೆ ಅಂತಲ್ಲ.

ತೆವಳುವಾಗ ಎಸಿ ಬೆಚ್ಚಗಾಗಿ, ಓಡುವಾಗ ತಣ್ಣಗಾದರೆ ನನ್ನ ಮೊದಲ ಅನುಮಾನ ಯಾವಾಗಲೂ ಫ್ಯಾನಿನ ಮೇಲೆ. ನಿಮ್ಮ ಕಾರು ಕೆಂಪು ದೀಪಕ್ಕಿಂತ ಐದು ನಿಮಿಷ ಮೊದಲೇ ಎಸಿ ಬಾಯಿಂದ ವಿಷಯ ಹೇಳಿತ್ತು.

ಎರಡನೇಗೇರ್

ಅಬ್ಬಾ, ಈಗ ಎಲ್ಲ ಕೂಡಿಬಂತು. ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ಸ್ಪ್ಯಾನರ್12

ಮಾಡಬಹುದು. ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ, ಬಾನೆಟ್ ಎತ್ತಿ ದೂರದಿಂದ ನೋಡಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ಕೈ ಮಾತ್ರ ಹಾಕಬೇಡಿ. ಬಿಸಿ ಇಂಜಿನ್ನಿನಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು. ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಮೋಟರ್, ಈ ಸಾಲಿನಲ್ಲಿ ನೋಡಿಸಿ.

ಹೊಸಚಾಲಕಿ

ನಾನು ಕಾರು ಕಲಿತು ನಾಲ್ಕು ತಿಂಗಳು. ಇದನ್ನು ಓದಿ ಹೆದರಿಕೆ ಆಯಿತು. ನನ್ನ ಕಾರಿನಲ್ಲಿ ಹಳದಿ ಬಣ್ಣದ ಇಂಜಿನ್ ಚಿತ್ರ ಮೂರು ದಿನದಿಂದ ಉರಿಯುತ್ತಿದೆ. ಓಡಿಸಬಹುದಾ? ಇಷ್ಟೊಂದು ಚಿತ್ರಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ನಿಧಾನವೇಸರಿ

ಚಿತ್ರ ಆಮೇಲೆ, ಮೊದಲು ಬಣ್ಣ ನೋಡಿ. ಕೆಂಪು ಅಂದರೆ ಈಗಲೇ ಗಮನ ಕೊಡು, ಹೆಚ್ಚಿನ ಸಲ ನಿಲ್ಲಿಸು. ಹಳದಿ ಅಂದರೆ ಬೇಗ ತೋರಿಸು. ಹಸಿರು, ನೀಲಿ ಅಂದರೆ ಸುಮ್ನೆ ಮಾಹಿತಿ: ಇಂಡಿಕೇಟರ್ ಹಾಕಿದೆ, ಹೈಬೀಮ್ ಹಾಕಿದೆ, ಅಷ್ಟೇ. ಕೆಲವು ಕಾರುಗಳಲ್ಲಿ ಅದೇ ಥರ್ಮಾಮೀಟರ್ ನೀಲಿಯಾಗಿ ಬರುತ್ತದೆ, ಇಂಜಿನ್ ಇನ್ನೂ ತಣ್ಣಗಿದೆ ಅಂತ. ಸ್ವಲ್ಪ ದೂರ ಹೋದರೆ ತಾನೇ ಆರುತ್ತದೆ.

ಮೂರನೇಕಣ್ಣು

ಬಣ್ಣ ಬಣ್ಣ ಅನ್ನುತ್ತೀರಿ. ನನಗೆ ಹುಟ್ಟಿದಾಗಿನಿಂದ ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ನನ್ನಂಥವರು ಕಡಿಮೆ ಏನಿಲ್ಲ, ಗಂಡಸರಲ್ಲಿ ಇದು ಜಾಸ್ತಿ. ಸಣ್ಣ ದೀಪದಲ್ಲಿ ಕೆಂಪು ಯಾವುದು, ಹಳದಿ ಯಾವುದು ಅನ್ನುವುದೇ ನನಗೆ ಗೊಂದಲ. ಹಾಗಾಗಿ ನಾನು ಆಕಾರ ಕಲಿತೆ. ಕಾರಿನ ಚಿಹ್ನೆಗಳಿಗೆ ಐಎಸ್‌ಒ 2575 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಆದ್ದರಿಂದ ಕಂಪನಿ ಬದಲಾದರೂ ಎಣ್ಣೆ ಡಬ್ಬಿ ಎಣ್ಣೆ ಡಬ್ಬಿಯಾಗಿಯೇ ಇರುತ್ತದೆ.

ನನ್ನ ಲೆಕ್ಕದಲ್ಲಿ ಬಾಯಿಪಾಠ ಮಾಡಬೇಕಾದದ್ದು ನಾಲ್ಕೇ: ಮೂತಿಯಿಂದ ಹನಿ ಬೀಳುವ ಎಣ್ಣೆ ಡಬ್ಬಿ, ಅಲೆಯ ಮೇಲಿನ ಥರ್ಮಾಮೀಟರ್, ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಬ್ರೇಕ್ ದೀಪ, ಪ್ಲಸ್ ಮೈನಸ್ ಇರುವ ಬ್ಯಾಟರಿ. ಉಳಿದದ್ದಕ್ಕೆ ಕೈಪಿಡಿ ತೆರೆಯಲು ಸಮಯ ಇರುತ್ತದೆ.

ನಿಧಾನವೇಸರಿ

ಒಪ್ಪಿದೆ. ಬಣ್ಣ ಕಾಣದವರ ವಿಷಯ ನನಗೆ ಹೊಳೆದಿರಲೇ ಇಲ್ಲ.

ಓಬಿಡಿಪ್ರಿಯ

@ಹೊಸಚಾಲಕಿ, ಆ ಇಂಜಿನ್ ದೀಪ ಒಂದೇ ಸಮ ಉರಿಯುತ್ತಿದೆಯಾ, ಮಿನುಗುತ್ತಿದೆಯಾ? ಎಲ್ಲ ಅದರ ಮೇಲಿದೆ.

ಒಂದೇ ಸಮ ಇದ್ದು, ಕಾರಿನ ಎಳೆತ ಕುಗ್ಗದೆ, ಜರ್ಕ್ ಹೊಡೆಯದೆ ಓಡುತ್ತಿದ್ದರೆ ಗಾಬರಿ ಬೇಡ, ಈ ವಾರವೇ ತೋರಿಸಿ. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಕನ್ವರ್ಟರ್ ಕಾದು ಹಾಳಾಗುತ್ತದೆ. ಅದು ದುಬಾರಿ ಭಾಗ. ಮಿನುಗಿದರೆ ವೇಗ ಇಳಿಸಿ, ಜಾಗ ನೋಡಿ ನಿಲ್ಲಿಸಿ.

ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಇದು ಕಡ್ಡಾಯವಾಯಿತು, ಆಮೇಲೆ ಬೇರೆ ದೇಶಗಳಿಗೂ ಬಂತು. ಬೆಂಕಿಪೊಟ್ಟಣದಷ್ಟು ಚಿಕ್ಕ ರೀಡರ್ ಅಲ್ಲಿ ಸಿಕ್ಕಿಸಿದರೆ ಫೋನಿನಲ್ಲೇ ಕೋಡ್ ಓದಬಹುದು. P0300 ಬಂದರೆ ನಾನು ಮೇಲೆ ಹೇಳಿದ ಮಿಸ್‌ಫೈರ್. P0455 ಬಂದರೆ ಪೆಟ್ರೋಲ್ ಆವಿ ಎಲ್ಲೋ ಸೋರುತ್ತಿದೆ. ಎಷ್ಟೋ ಸಲ ಅದಕ್ಕೆ ಕಾರಣ ಸರಿಯಾಗಿ ಮುಚ್ಚದ ಟ್ಯಾಂಕಿನ ಮುಚ್ಚಳ.

ಹೊಸಚಾಲಕಿ

ಒಂದೇ ಸಮ ಉರಿಯುತ್ತಿದೆ. ಕಾರು ಚೆನ್ನಾಗಿಯೇ ಓಡುತ್ತಿದೆ. ಮೂರು ದಿನದ ಹಿಂದೆಯೇ ಪೆಟ್ರೋಲ್ ಹಾಕಿಸಿದ್ದು! ಈಗಲೇ ಹೋಗಿ ನೋಡುತ್ತೇನೆ.

ಕ್ಲಚ್‌ಪ್ಲೇಟ್

ಬ್ಯಾಟರಿ ಟರ್ಮಿನಲ್ ಹತ್ತು ನಿಮಿಷ ಬಿಚ್ಚಿಡಿ, ಎಲ್ಲ ದೀಪ ಹೋಗುತ್ತದೆ. ನಾನು ಯಾವಾಗಲೂ ಅದನ್ನೇ ಮಾಡುವುದು.

ಓಬಿಡಿಪ್ರಿಯ

ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ದೀಪ ಹೋಗಬಹುದು, ದೋಷ ಹೋಗುವುದಿಲ್ಲ. ಅದರ ಜೊತೆ ಕಂಪ್ಯೂಟರಿನಲ್ಲಿದ್ದ ಕೋಡೂ ಅಳಿಸಿಹೋಗಿ ಮೆಕ್ಯಾನಿಕ್ ಕತ್ತಲಲ್ಲಿ ಹುಡುಕಬೇಕಾಗುತ್ತದೆ.

ಹಳೇಡೀಸೆಲ್

ದೀಪವನ್ನು ಕಡೆಗಣಿಸಿ ನಾನು ಕಳೆದುಕೊಂಡದ್ದನ್ನು ಹೇಳುತ್ತೇನೆ. ರಾತ್ರಿ ಹೊತ್ತು, ರಸ್ತೆಯಲ್ಲಿ ಬಿದ್ದಿದ್ದ ಕಲ್ಲು ಕಾರಿನ ತಳಕ್ಕೆ ಬಡಿಯಿತು. ಏನೂ ಆಗಿಲ್ಲ ಅಂತ ಮುಂದೆ ಹೋದೆ. ಸ್ವಲ್ಪ ದೂರದಲ್ಲಿ ಎಣ್ಣೆ ಡಬ್ಬಿಯ ದೀಪ ಕೆಂಪಗೆ ಹತ್ತಿತು. ಗ್ಯಾರೇಜ್ ಎರಡೇ ಕಿಲೋಮೀಟರ್, ಮುಟ್ಟಿಸಿಬಿಡೋಣ ಅಂದುಕೊಂಡೆ. ಮೊದಲು ಟಕಟಕ ಸದ್ದು, ಆಮೇಲೆ ಕಬ್ಬಿಣ ತಿಕ್ಕಿದ ಸದ್ದು, ಆಮೇಲೆ ಸದ್ದೇ ಇಲ್ಲ. ಇಂಜಿನ್ ಜಾಮ್ ಆಗಿತ್ತು. ಗ್ಯಾರೇಜಿನ ಬೋರ್ಡು ನನಗೆ ಕಾಣುತ್ತಿತ್ತು.

ಆ ಕಾರು ತಂದೆಯವರದು. ಇವತ್ತಿಗೂ ಬೇಜಾರಿದೆ.

ಕ್ಲಚ್‌ಪ್ಲೇಟ್

ಆಯಿಲ್ ಕಡಿಮೆ ಆಗಿದೆ ಅಂತ ತಾನೇ ಆ ದೀಪ? ಅಷ್ಟು ಬೇಗ ಜಾಮ್ ಆಗುತ್ತದಾ?

ಸ್ಪ್ಯಾನರ್12

ಇಲ್ಲೇ ಎಲ್ಲರೂ ತಪ್ಪುವುದು. ಕೆಂಪು ಎಣ್ಣೆ ಡಬ್ಬಿ ಹೇಳುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಇಂಜಿನ್ನಿನ ಬೇರಿಂಗುಗಳು ಆಯಿಲಿನ ತೆಳು ಪದರದ ಮೇಲೆ ತೇಲುತ್ತಿರುತ್ತವೆ. ಒತ್ತಡ ಹೋದರೆ ಆ ಪದರ ಹೋಯಿತು, ಲೋಹಕ್ಕೆ ಲೋಹ ತಾಗಿತು. ಆಮೇಲೆ ಲೆಕ್ಕ ಇರುವುದು ನಿಮಿಷಗಳಲ್ಲಿ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಪೂರ್ತಿ ಇದ್ದರೂ ಪಂಪ್ ಕೆಟ್ಟರೆ ಇದೇ ದೀಪ ಬರುತ್ತದೆ. ಮಟ್ಟ ಕಡಿಮೆಯಾದರೆ ಕೆಲವು ಕಾರುಗಳಲ್ಲಿ ಹಳದಿ ಡಬ್ಬಿ ಬೇರೆಯೇ ಇದೆ. ಕೆಂಪು ಬಂದರೆ ಗ್ಯಾರೇಜ್ ಎದುರಿಗಿದ್ದರೂ ಇಂಜಿನ್ ಆಫ್ ಮಾಡಿ, ತಳ್ಳಿಕೊಂಡು ಹೋಗಿ.

ತಂಗಾಳಿ

ನಾನು ಎಸಿ ಕೆಲಸದವನು, ನನಗೆ ಗೊತ್ತಿರುವ ಕಡೆಗೆ ಎಳೆಯುತ್ತೇನೆ. @ಎರಡನೇಗೇರ್, ಮುಂದೆ ಎಂದಾದರೂ ಮುಳ್ಳು ಏರಿ, ತಕ್ಷಣ ನಿಲ್ಲಿಸಲು ಜಾಗ ಇಲ್ಲದಿದ್ದರೆ ಎಸಿ ಆಫ್ ಮಾಡಿ, ಬಿಸಿಯ ತಿರುಪನ್ನು ಕೊನೆಯ ತನಕ ಕೆಂಪಿಗೆ ತಿರುಗಿಸಿ, ಬ್ಲೋವರ್ ಪೂರ್ತಿ ಇಡಿ, ಕಿಟಕಿ ಇಳಿಸಿ.

ಕ್ಲಚ್‌ಪ್ಲೇಟ್

ಕಾದ ಇಂಜಿನ್ನಿಗೆ ಹೀಟರ್ ಬೇರೆ ಹಾಕುವುದಾ? ಇದು ಯಾರೋ ಹಬ್ಬಿಸಿದ ಸುಳ್ಳು. ಒಳಗಿದ್ದವರು ಬೇಯುತ್ತಾರೆ ಅಷ್ಟೇ.

ತಂಗಾಳಿ

ಸುಳ್ಳಲ್ಲ ಗೆಳೆಯ. ಹೀಟರ್ ಹೊಸದಾಗಿ ಬಿಸಿ ಹುಟ್ಟಿಸುವುದಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇದೆ, ಹೀಟರ್ ಕೋರ್ ಅನ್ನುತ್ತೇವೆ. ಇಂಜಿನ್ನಿನ ಬಿಸಿ ಕೂಲೆಂಟ್ ಅದರಲ್ಲಿ ಹರಿಯುತ್ತದೆ. ನೀವು ತಿರುಪನ್ನು ಕೆಂಪಿಗೆ ತಿರುಗಿಸಿದಾಗ ಒಳಗೆ ಒಂದು ಬಾಗಿಲು ತೆರೆದು ಗಾಳಿ ಅದರ ಮೂಲಕ ಹಾದು ಬರುತ್ತದೆ. ಅಂದರೆ ಇಂಜಿನ್ನಿನ ಬಿಸಿ ನಿಮ್ಮ ಕ್ಯಾಬಿನ್ ದಾರಿಯಿಂದ ಹೊರಗೆ ಹೋಗುತ್ತದೆ. ಫ್ಯಾನ್ ಸತ್ತಾಗ ನಿಮ್ಮ ಹತ್ತಿರ ಉಳಿಯುವುದು ಇದೊಂದೇ ಫ್ಯಾನ್.

ಹೀಟರ್ ಪೂರ್ತಿ ಇಟ್ಟರೂ ತಣ್ಣನೆ ಗಾಳಿ ಬಂದರೆ ಮಾತ್ರ ಹುಷಾರು. ಅಲ್ಲಿಗೆ ಕೂಲೆಂಟ್ ತಲುಪುತ್ತಿಲ್ಲ, ಹೆಚ್ಚಾಗಿ ಸೋರಿ ಖಾಲಿಯಾಗಿದೆ ಅಂತ. ಆಗ ಮುಳ್ಳನ್ನೂ ನಂಬಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿರದಿದ್ದರೆ ಬಿಸಿ ಸರಿಯಾಗಿ ತೋರಿಸುವುದಿಲ್ಲ. ಸಿಕ್ಕಲ್ಲಿ ನಿಲ್ಲಿಸಿ.

ಸ್ಪ್ಯಾನರ್12

ತಂಗಾಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಒಂದೇ ಸೇರಿಸುತ್ತೇನೆ: ನಿಲ್ಲಿಸಿದ ಮೇಲೆ ರೇಡಿಯೇಟರ್, ಕೂಲೆಂಟ್ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಬೇಡಿ. ಕೂಲೆಂಟ್ ಒತ್ತಡದಲ್ಲಿರುವ ಕಾರಣಕ್ಕೇ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲ ಮಾಡಿದ ಕ್ಷಣ ಒತ್ತಡ ಹೋಗಿ ಒಟ್ಟಿಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ನನ್ನ ಜೊತೆ ಕೆಲಸ ಕಲಿತ ಹುಡುಗನ ಮೊಣಕೈ ತನಕ ಚರ್ಮ ಸುಲಿದದ್ದನ್ನು ನೋಡಿದ್ದೇನೆ. ಮೇಲಿನ ರಬ್ಬರ್ ಹೋಸ್ ಮುಟ್ಟಿದರೆ ಕೈ ಸುಡಬಾರದು, ಹಿಸುಕಿದರೆ ಮೆತ್ತಗಿರಬೇಕು. ಅಲ್ಲಿಯ ತನಕ ಕಾಯಿರಿ.

ಕ್ಲಚ್‌ಪ್ಲೇಟ್

ಸರಿ, ಹೀಟರ್ ವಿಷಯದಲ್ಲಿ ನನ್ನದು ತಪ್ಪು. ಇವತ್ತು ಕಲಿತೆ.

ಬ್ಯಾಟರಿನಂಬಿದವನು

ಎಲೆಕ್ಟ್ರಿಕ್ ಕಾರಿನಲ್ಲಿ ಈ ಹೀಟರ್ ಉಪಾಯ ನಡೆಯುವುದಿಲ್ಲ. ಅಲ್ಲಿ ಬಿಸಿಗಾಳಿ ಬರುವುದೇ ಬ್ಯಾಟರಿಯ ಕರೆಂಟಿನಿಂದ. ಹೀಟರ್ ಹಾಕಿದರೆ ಓಡುವ ದೂರ ಕಡಿಮೆಯಾಗುತ್ತದೆ. ನಮ್ಮಲ್ಲಿ ಆಮೆಯ ಚಿತ್ರ ಬರುತ್ತದೆ, ಶಕ್ತಿ ಕಡಿತ ಆಗಿದೆ ಅಂತ. ಮಕ್ಕಳಿಗೆ ಅದೆಂದರೆ ಇಷ್ಟ, ನನಗೆ ಎದೆ ಧಸಕ್ ಅನ್ನುತ್ತದೆ.

ಕಿಟಕಿಪಕ್ಕ

ಎಸಿ ಗೊತ್ತಿರುವವರು ಇದ್ದಾರಲ್ಲ, ನನ್ನದೊಂದು ಪ್ರಶ್ನೆ. ಮಳೆಯಲ್ಲಿ ಮುಂದಿನ ಗಾಜು ಮಂಜಾಗುತ್ತದೆ. ಕೆಲವು ಸಲ ಎಸಿ ಹಾಕಿದರೆ ಹೋಗುತ್ತದೆ, ಕೆಲವು ಸಲ ಎಸಿ ಹಾಕಿದರೇ ಜಾಸ್ತಿ ಆಗುತ್ತದೆ. ಬಟ್ಟೆಯಿಂದ ಒರೆಸಿ ಒರೆಸಿ ಸಾಕಾಗಿದೆ.

ತಂಗಾಳಿ

ಬಹಳ ಒಳ್ಳೆಯ ಪ್ರಶ್ನೆ, ಯಾಕೆಂದರೆ ಇವು ಎರಡು ಬೇರೆ ಬೇರೆ ಮಂಜು. ಬೆರಳಿನಿಂದ ಗಾಜಿನ ಒಳಮೈ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಮೂಡಿದರೆ ಮಂಜು ಒಳಗಿದೆ. ಮೂಡದಿದ್ದರೆ ಒಮ್ಮೆ ವೈಪರ್ ಹಾಕಿ. ಒರೆಸಿದ ಜಾಗ ತಿಳಿಯಾದರೆ ಮಂಜು ಹೊರಗಿದೆ.

ಒಳಗಿನ ಮಂಜು ಬರುವುದು ನಮ್ಮ ಉಸಿರಿನಿಂದ, ಒದ್ದೆ ಬಟ್ಟೆಯಿಂದ. ಆ ತೇವ ತಣ್ಣನೆ ಗಾಜಿಗೆ ತಾಗಿ ನೀರಾಗುತ್ತದೆ. ಇದಕ್ಕೆ ಎಸಿ ಬೇಕೇ ಬೇಕು. ಎಸಿ ಅಂದರೆ ತಂಪು ಮಾತ್ರ ಅಲ್ಲ, ಅದು ಗಾಳಿಯನ್ನು ಒಣಗಿಸುತ್ತದೆ. ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಹಾಗೆ ಹಿಂಡಿದ ತೇವವೇ. ಬಾಗಿದ ಬಾಣಗಳ ಬೀಸಣಿಗೆಯಂಥ ಚಿತ್ರದ ಗುಂಡಿ ಒತ್ತಿ, ಅದು ಮುಂದಿನ ಗಾಜಿಗೆ. ಆಯತದಂಥ ಚಿತ್ರ ಹಿಂದಿನ ಗಾಜಿಗೆ, ಅಲ್ಲಿ ಸಣ್ಣ ತಂತಿಗಳು ಕಾಯುತ್ತವೆ. ಬಿಸಿಯ ತಿರುಪನ್ನು ಸ್ವಲ್ಪ ಕೆಂಪಿನ ಕಡೆಗೆ ಇಡಿ. ಎಸಿ, ಹೀಟರ್ ಎರಡೂ ಒಟ್ಟಿಗೆ ಓಡುವುದು ತಪ್ಪಲ್ಲ: ಒಂದು ಗಾಳಿ ಒಣಗಿಸುತ್ತದೆ, ಇನ್ನೊಂದು ಗಾಜು ಬೆಚ್ಚಗಿಡುತ್ತದೆ. ಕಾರಿನ ಚಿತ್ರದೊಳಗೆ ಸುತ್ತುವ ಬಾಣ ಇದೆಯಲ್ಲ, ಆ ಗುಂಡಿ ಆಫ್ ಇರಲಿ. ಇಲ್ಲದಿದ್ದರೆ ನಿಮ್ಮ ಉಸಿರೇ ಕಾರಿನೊಳಗೆ ಸುತ್ತುತ್ತದೆ.

ಹೊರಗಿನ ಮಂಜು ಇದಕ್ಕೆ ತಿರುಗುಮುರುಗು. ಹೊರಗೆ ಸೆಕೆ, ಗಾಳಿಯಲ್ಲಿ ತೇವ, ನೀವು ಗಾಜಿಗೆ ತಣ್ಣನೆ ಗಾಳಿ ಬಿಡುತ್ತಿದ್ದೀರಿ. ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟಿದ ಹಾಗೆ. ಎಸಿ ತಂಪು ಇಳಿಸಿ, ಗಾಳಿಯನ್ನು ಗಾಜಿನಿಂದ ಮುಖದ ಕಡೆಗೆ ತಿರುಗಿಸಿ, ವೈಪರ್ ಎರಡು ಸಲ ಹೊಡೆಯಿರಿ. ಹೋಯಿತು.

ಕಿಟಕಿಪಕ್ಕ

ಇಷ್ಟು ವರ್ಷ ಎರಡಕ್ಕೂ ಒಂದೇ ಮದ್ದು ಹಾಕುತ್ತಿದ್ದೆ. ಥ್ಯಾಂಕ್ಸ್ ಸರ್!

ಹಳೇಡೀಸೆಲ್

ಗಾಜಿನ ಒಳಗೆ ಜಿಡ್ಡುಜಿಡ್ಡಾದ ಪೊರೆ, ಒಂಥರಾ ಸಿಹಿ ವಾಸನೆ ಬಂದರೆ?

ತಂಗಾಳಿ

ಹೀಟರ್ ಕೋರ್ ಸೋರುತ್ತಿದೆ. ಆ ಸಿಹಿ ವಾಸನೆ ಕೂಲೆಂಟಿನದು. ಅದು ವಿಷ, ತಡ ಮಾಡಬೇಡಿ. ಹಳೇ ಕಂಬಳಿಯಂಥ ಮುಗ್ಗಲು ವಾಸನೆ ಆದರೆ ಬೇರೆ, ಗಾಳಿ ತಂಪು ಮಾಡುವ ಎಸಿ ಕಾಯಿಲಿನ ಮೇಲೆ ಬೂಸ್ಟು ಬಂದಿದೆ. ಇಳಿಯುವ ಐದು ನಿಮಿಷ ಮುಂಚೆ ಎಸಿ ಆಫ್ ಮಾಡಿ ಬರೀ ಬ್ಲೋವರ್ ಓಡಿಸಿದರೆ ಕಾಯಿಲ್ ಒಣಗುತ್ತದೆ, ವಾಸನೆ ಕಡಿಮೆಯಾಗುತ್ತದೆ. ಕ್ಯಾಬಿನ್ ಫಿಲ್ಟರನ್ನೂ ನೋಡಿ, ಎಷ್ಟೋ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ.

ನಿಧಾನವೇಸರಿ

ಇದನ್ನೆಲ್ಲ ಮಾಡಲು ತಿರುಪು, ಗುಂಡಿ ಇರಬೇಕಲ್ಲ! ನನ್ನ ಅಳಿಯನ ಹೊಸ ಕಾರಿನಲ್ಲಿ ಎಲ್ಲವೂ ಪರದೆಯೊಳಗೆ. ಮಳೆಯಲ್ಲಿ ಗಾಜು ಮಂಜಾದಾಗ ಮೂರು ಸಲ ಒತ್ತಿ ಹುಡುಕಬೇಕು. ಆ ಹೊತ್ತಿಗೆ ಕಣ್ಣು ರಸ್ತೆ ಮೇಲಿರುವುದಿಲ್ಲ. ತಿರುಪು ಆಗಿದ್ದರೆ ನೋಡದೆ ಕೈಗೆ ಸಿಗುತ್ತದೆ.

ಬ್ಯಾಟರಿನಂಬಿದವನು

ನನಗೆ ಪರದೆಯೇ ಇಷ್ಟ. 22 ಡಿಗ್ರಿಗೆ ಇಟ್ಟು ಆಟೋ ಒತ್ತಿದರೆ ಆಮೇಲೆ ಮುಟ್ಟುವ ಕೆಲಸವೇ ಇಲ್ಲ. ಹೆಚ್ಚಿನವರು ಆಟೋ ಇದ್ದರೂ ಕೊನೆಯ ತಂಪಿಗೆ ಇಡುತ್ತಾರೆ, ಬೇಗ ತಣ್ಣಗಾಗಲಿ ಅಂತ. 22ಕ್ಕೆ ಇಟ್ಟರೂ ಬಿಸಿ ಕಾರಿನಲ್ಲಿ ಅದು ಮೊದಲು ಪೂರ್ತಿ ಜೋರಾಗಿಯೇ ಊದುತ್ತದೆ.

ಮೂರನೇಕಣ್ಣು

ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆಯಾದ ಯೂರೋ ಎನ್‌ಕ್ಯಾಪ್ 2026ರ ನಿಯಮಗಳಲ್ಲಿ ಇಂಡಿಕೇಟರ್, ಹಜಾರ್ಡ್, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಕೈಗೆ ಸಿಗುವ ಗುಂಡಿ ಅಥವಾ ಕಡ್ಡಿ ಇದ್ದರೇ ಪೂರ್ತಿ ಅಂಕ ಅಂತ ಬಂದಿದೆ. ಗಾಜಿನ ಮಂಜು ತೆಗೆಯುವ ಗುಂಡಿ ಆ ಪಟ್ಟಿಯಲ್ಲಿಲ್ಲ. ಇರಬೇಕಿತ್ತು. ಎದುರಿನ ರಸ್ತೆ ಕಾಣುವುದಕ್ಕಿಂತ ದೊಡ್ಡದು ಯಾವುದಿದೆ?

ಹೊಸಚಾಲಕಿ

ಇನ್ನೊಂದು ಕೇಳಲಾ? ಕೀ ತಿರುಗಿಸಿದಾಗ ಒಮ್ಮೆಲೇ ಎಲ್ಲ ದೀಪಗಳೂ ಹತ್ತುತ್ತವಲ್ಲ, ಅದು ಸರಿಯಾ?

ಸ್ಪ್ಯಾನರ್12

ಸರಿ, ಹತ್ತಲೇಬೇಕು. ದೀಪಗಳೇ ಬದುಕಿವೆಯಾ ಅಂತ ಕಾರು ಮಾಡುವ ತಪಾಸಣೆ ಅದು. ಕೆಲವು ಸೆಕೆಂಡಿನಲ್ಲಿ, ಇಲ್ಲವೇ ಇಂಜಿನ್ ಚಾಲೂ ಆದ ಮೇಲೆ ಒಂದೊಂದಾಗಿ ಆರುತ್ತವೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಅದು ಮಾತ್ರ ಉಳಿಯುತ್ತದೆ.

ಹಳೇ ಕಾರು ಕೊಳ್ಳುವವರು ಇದನ್ನು ಕಣ್ಣಿಟ್ಟು ನೋಡಬೇಕು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ ಅಂದರೆ ಯಾರೋ ಬಲ್ಬ್ ಕಿತ್ತಿರಬಹುದು ಅಥವಾ ದೀಪ ಮುಚ್ಚಿರಬಹುದು. ಒಮ್ಮೆ ನನ್ನ ಹತ್ತಿರ ಬಂದ ಕಾರಿನಲ್ಲಿ ಮೀಟರ್ ಬಿಚ್ಚಿ ನೋಡಿದರೆ ಆ ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿತ್ತು. ಸ್ಟೇರಿಂಗಿನೊಳಗೆ ಏರ್‌ಬ್ಯಾಗೇ ಇರಲಿಲ್ಲ. ಕೊಂಡವರ ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹಳೇಡೀಸೆಲ್

ಛೇ. ಇದು ಮೋಸಕ್ಕಿಂತ ದೊಡ್ಡದು.

ಕ್ಲಚ್‌ಪ್ಲೇಟ್

ಬ್ಯಾಟರಿ ದೀಪ ಬಂದರೆ ಬ್ಯಾಟರಿ ಬದಲಾಯಿಸಿದರೆ ಮುಗಿಯಿತಲ್ಲ? ಅದನ್ನು ಬಾಯಿಪಾಠದ ಆ ನಾಲ್ಕರಲ್ಲಿ ಯಾಕೆ ಸೇರಿಸಿದ್ದು?

ಓಬಿಡಿಪ್ರಿಯ

ಓಡುವಾಗ ಆ ದೀಪ ಬಂದರೆ ಹೆಚ್ಚಾಗಿ ಬ್ಯಾಟರಿ ಕೆಟ್ಟಿಲ್ಲ, ಚಾರ್ಜ್ ಆಗುತ್ತಿಲ್ಲ. ಇಂಜಿನ್ ಓಡುವಾಗ ಮೀಟರ್ ಇಟ್ಟರೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. 12ರ ಆಸುಪಾಸಿನಲ್ಲಿದ್ದು ಇಳಿಯುತ್ತಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದನ್ನು ತಿರುಗಿಸುವ ಬೆಲ್ಟ್ ನೋಡಿ. ಬೆಲ್ಟ್ ಹರಿದಿದ್ದರೆ ಎಷ್ಟೋ ಕಾರುಗಳಲ್ಲಿ ನೀರಿನ ಪಂಪೂ ಅದರಲ್ಲೇ ತಿರುಗುವುದು. ಬ್ಯಾಟರಿ ದೀಪದ ಹಿಂದೆಯೇ ಮುಳ್ಳು ಏರಿದರೆ ನಿಲ್ಲಿಸಲೇಬೇಕು. ಬೆಲ್ಟ್ ಇದ್ದು ಚಾರ್ಜ್ ಮಾತ್ರ ಇಲ್ಲದಿದ್ದರೆ ಎಸಿ, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಆಫ್ ಮಾಡಿ ಹತ್ತಿರದ ಗ್ಯಾರೇಜಿಗೆ ಹೋಗಿ. ನಡುವೆ ಇಂಜಿನ್ ನಿಲ್ಲಿಸಬೇಡಿ, ಮತ್ತೆ ಸ್ಟಾರ್ಟ್ ಆಗದೇ ಹೋಗಬಹುದು.

ಕಿಟಕಿಪಕ್ಕ

ಹಳದಿ ಎಬಿಎಸ್ ದೀಪ ಬಂದರೆ ಬ್ರೇಕ್ ಹಿಡಿಯುವುದಿಲ್ಲವಾ?

ಸ್ಪ್ಯಾನರ್12

ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ. ಆ ದೀಪ ಒಂದೇ ಬಂದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರಬಹುದು, ಅದಕ್ಕೆ ಅಂತರ ಇಟ್ಟುಕೊಂಡು ಓಡಿಸಿ. ಎಬಿಎಸ್ ಜೊತೆ ಕೆಂಪು ಬ್ರೇಕ್ ದೀಪವೂ ಬಂದರೆ ಓಡಿಸಬೇಡಿ. ಕೆಂಪು ಒಂದೇ ಬಂದರೆ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ, ಆಮೇಲೆ ಬ್ರೇಕ್ ಆಯಿಲ್ ಡಬ್ಬಿ. ಪ್ಯಾಡ್ ಸವೆದಂತೆ ಆ ಮಟ್ಟ ನಿಧಾನವಾಗಿ ಇಳಿಯುತ್ತದೆ. ಒಮ್ಮೆಲೇ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ, ಕಾರು ಅಲ್ಲೇ ಬಿಡಿ.

ಎರಡನೇಗೇರ್

ಬಂದೆ. ಸ್ಪ್ಯಾನರ್ ಅಣ್ಣ, ನೀವು ಹೇಳಿದ್ದೇ. ಎಸಿ ಹಾಕಿ ಬಾನೆಟ್ ಎತ್ತಿ ಹತ್ತು ನಿಮಿಷ ನಿಂತೆ, ಫ್ಯಾನ್ ಅಲುಗಲಿಲ್ಲ. ಫ್ಯೂಸ್, ರಿಲೇ ಸರಿ ಇತ್ತು. ಮೋಟರ್ ಬಿಚ್ಚಿದಾಗ ಒಳಗಿನ ಬ್ರಷ್ ಸವೆದು ಮೊಂಡಾಗಿ, ಕಪ್ಪು ಪುಡಿ ತುಂಬಿತ್ತು. ಹೊಸ ಮೋಟರ್ ಹಾಕಿಸಿದೆ. ಇಂಜಿನ್ನಿಗೆ ಪೆಟ್ಟಾಗಿಲ್ಲ, ಆಯಿಲಿನಲ್ಲಿ ನೀರು ಬೆರೆತಿಲ್ಲ ಅಂತ ಪರೀಕ್ಷೆ ಮಾಡಿ ಹೇಳಿದರು.

ನಿನ್ನೆ ಬೇಕೆಂದೇ ಅದೇ ಏರು ರಸ್ತೆಗೆ ಹೋದೆ. ಅದೇ ಬಿಸಿಲು, ಅದೇ ಸಾಲು. ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ನಡುನಡುವೆ ಫ್ಯಾನ್ ಗುಂಯ್ ಅನ್ನುವುದು ಕೇಳಿಸುತ್ತಿತ್ತು. ಅಮ್ಮ "ಚಳಿ ಆಗ್ತಿದೆ, ಸ್ವಲ್ಪ ಕಡಿಮೆ ಮಾಡು" ಅಂದರು.

ಸ್ಪ್ಯಾನರ್12

ಖುಷಿಯಾಯಿತು. ಹದಿನೈದು ದಿನ ಬೆಳಿಗ್ಗೆ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡುತ್ತಿರಿ. ಇಳಿಯುತ್ತಿದ್ದರೆ ಹೇಳಿ.

ಹೊಸಚಾಲಕಿ

ನನ್ನದೂ ಹೇಳಿಬಿಡುತ್ತೇನೆ. ಟ್ಯಾಂಕಿನ ಮುಚ್ಚಳ ಓರೆಯಾಗಿ ಕೂತಿತ್ತು. ಕ್ಲಿಕ್ ಕ್ಲಿಕ್ ಅನ್ನುವ ತನಕ ತಿರುಗಿಸಿದೆ. ದೀಪ ಇನ್ನೂ ಹೋಗಿಲ್ಲ.

ಓಬಿಡಿಪ್ರಿಯ

ತಕ್ಷಣ ಹೋಗುವುದಿಲ್ಲ. ಕಾರು ತಾನೇ ಮತ್ತೆ ಮತ್ತೆ ಪರೀಕ್ಷೆ ಮಾಡಿಕೊಂಡು ಖಾತ್ರಿಯಾದ ಮೇಲೆ ಆರಿಸುತ್ತದೆ. ಕೆಲವು ದಿನ ಓಡಿಸಿ, ಹೋಗದಿದ್ದರೆ ಕೋಡ್ ಓದಿಸಿ.

ಹೊಸಚಾಲಕಿ

ನಾಲ್ಕನೇ ದಿನ, ಇವತ್ತು ಬೆಳಿಗ್ಗೆ ಕೀ ತಿರುಗಿಸಿದೆ. ಎಲ್ಲ ದೀಪಗಳೂ ಹತ್ತಿದವು. ಒಂದೊಂದಾಗಿ ಆರಿದವು. ಇಂಜಿನ್ ದೀಪವೂ ಆರಿತು!